ಕಾಯುವ ನಿಮಿಷ

ಮಗುವೊಂದರ ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ಎಷ್ಟು ಹೊತ್ತು ಬೇಕು ಎಂಬುದನ್ನು ಅಳೆಯಲು ಬಂದರೆ ಹೇಗಿರುತ್ತದೆ? ಜ್ವರ ಅಳೆದಂತೆ, ಬಾವಿಯ ನೀರಿನ ಆಳ ಅಳೆದಂತೆ? ಅಳೆಯಬಹುದು ಎಂದು ಧಾರವಾಡದ ಕಲಿಕಾ ಮಾಪನ ಕೇಂದ್ರದಲ್ಲಿ ಡಾಕ್ಟರ್ ಮಂದಾಕಿನಿ ತೋರಿಸಿಕೊಟ್ಟ ವರ್ಷ, ಮಾಳಗುಡ್ಡದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ತೊಂಬತ್ತೊಂದು ಮಕ್ಕಳಿದ್ದರು. ಅವರಿಗೆ ಇಬ್ಬರು ಶಿಕ್ಷಕರು ಮತ್ತು ಜಬೀನಾ ಎಂಬ ಒಬ್ಬ ಅತಿಥಿ ಶಿಕ್ಷಕಿ. ನಾಲ್ಕನೆಯ ಹುದ್ದೆ ಆರು ವರ್ಷಗಳಿಂದ ಖಾಲಿ ಬಿದ್ದಿತ್ತು. ಮಾತು ಬಾರದ, ಕಿವಿ ಕೇಳದ, ಅಕ್ಷರ ತಿರುಗಿ ಕಾಣುವ ಮಕ್ಕಳಿಗೆಂದು ಒಬ್ಬ ವಿಶೇಷ ಶಿಕ್ಷಕಿ ಬೇಕೆಂದು ಕಳಿಸಿದ ಅರ್ಜಿಗಳಿಗೆ ಒಂದಕ್ಕೂ ಉತ್ತರ ಬಂದಿರಲಿಲ್ಲ.

ಆ ಅರ್ಜಿಗಳನ್ನೆಲ್ಲ ಬರೆದವಳು ದ್ರಾಕ್ಷಾಯಣಿ. ಇಪ್ಪತ್ತೊಂದು ವರ್ಷಗಳಿಂದ ಅದೇ ಶಾಲೆಯ ಶಿಕ್ಷಕಿ. ಕಲ್ಲುಗಣಿಯ ಊರು ಅದು. ಶಾಲೆಯ ನೆಲಕ್ಕೆ ಹಾಸಿದ ಪರಸಿ ಕಲ್ಲನ್ನೂ ಮಕ್ಕಳ ಅಪ್ಪಂದಿರೇ ಕಡಿದು ಕೊಟ್ಟಿದ್ದರು.

ಮಂದಾಕಿನಿ ಪೆಟ್ಟಿಗೆ ಹೊತ್ತುಕೊಂಡು ತಾನೇ ಬಂದಳು. ಶಿಕ್ಷಕರ ತರಬೇತಿಯ ಕಾಲದಲ್ಲಿ ಅವಳೂ ದ್ರಾಕ್ಷಾಯಣಿಯೂ ಹಾಸ್ಟೆಲಿನಲ್ಲಿ ಒಂದೇ ಖೋಲಿಯಲ್ಲಿದ್ದವರು. ಶನಿವಾರ ಶಾಲೆ ಬಿಟ್ಟ ಮೇಲೆ ಪಡಸಾಲೆಯಲ್ಲಿ ತಾಯಂದಿರನ್ನು ಕೂಡಿಸಿ, ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದಾದ ಬೂದು ಬಣ್ಣದ ಮಣಿಯೊಂದನ್ನು ಅಂಗೈಯಲ್ಲಿಟ್ಟು ತೋರಿಸಿದಳು.

"ಇದು ಮಾತು ಕೇಳಂಗಿಲ್ರಿ, ಫೋಟೋ ಹೊಡೆಯಂಗಿಲ್ಲ. ಕೂಸಿನ ಕೊಳ್ಳಾಗ ಇರತೈತಿ. ಓದಕೊಂತ ಓದಕೊಂತ ಕೂಸಿಗೆ ತಿಳೀಲಿಲ್ಲ ಅಂದ್ರ, ಅಂಜಿಕಿ ಆತಂದ್ರ, ಉಸಿರು ಗಕ್ಕನ ನಿಂದರತೈತಿ. ಗಂಟಲ ಬಿಗೀತದ, ನಾಡಿ ಏರತದ. ಇವು ಮೂರೂ ಕೂಡಿ ಬಂದ್ರ ಮಣಿ ಕೆಂಪಾಗತೈತಿ. ಬಾಜೂಕ ಒಬ್ಬರು ಬಂದು ಕುಂತು, ಕೂಸಿನ ಉಸಿರು ಸಡಲಾತು ಅಂದ್ರ ನೀಲಿ. ನಡುವ ಎಷ್ಟು ನಿಮಿಷ ಕಾದೈತಿ ಅಂಬೋದನ್ನ ಧಾರವಾಡಕ್ಕ ಕಳಸತೈತಿ. ಎಲ್ಲಿ ಮಕ್ಕಳು ಭಾಳ ಕಾಯ್ತಾವೋ ಅಲ್ಲಿಗೆ ಟೀಚರು ಬರ್ತಾರ."

ಸೋನಾಬಾಯಿ ಎದ್ದು ನಿಂತಳು. ತಾಂಡಾದಿಂದ ಬಂದು ಪರಸಿ ಕಾರ್ಖಾನೆಯಲ್ಲಿ ಕಲ್ಲು ಉಜ್ಜಿ ನುಣುಪು ಮಾಡುವ ಕೆಲಸ ಮಾಡುವಾಕೆ. ಅವಳ ಮಗಳು ಸಕ್ಕುಬಾಯಿ ಒಂದನೆಯ ತರಗತಿ. ಮನೆಯಲ್ಲಿ ಗಿಳಿಯಂತೆ ಮಾತಾಡುವ ಹುಡುಗಿ ಶಾಲೆಯ ಹೊಸ್ತಿಲು ದಾಟಿದರೆ ಕೆಮ್ಮುತ್ತಲೂ ಇರಲಿಲ್ಲ.

"ನನ್ನ ಮಗಳು ಸಾಲ್ಯಾಗ ಬಾಯೇ ಬಿಡಂಗಿಲ್ರಿ. ಆಕಿ ಕೊಳ್ಳಾಗ ಇದನ್ನ ಕಟ್ಟಿ ಏನ ತಿಳಕೋತೀರಿ?"

"ಬಾಯಿ ಬಿಡದ ಮಕ್ಕಳ ಸಲುವಾಗಿನ ಇದನ್ನ ಮಾಡೇನ್ರಿ," ಎಂದಳು ಮಂದಾಕಿನಿ.

ಸೋನಾಬಾಯಿ ಆ ಉತ್ತರಕ್ಕೆ ತಲೆಯಾಡಿಸಲಿಲ್ಲ. ದ್ರಾಕ್ಷಾಯಣಿಯ ಕಡೆ ತಿರುಗಿದಳು. "ನೀವ ಹೇಳ್ರಿ ಅಕ್ಕೋರ. ಕಟ್ಟಲೇನು?"

"ಕಟ್ರಿ. ಎರಡು ವರ್ಷ ತಡೀರಿ. ಸಕ್ಕು ಸಲುವಾಗಿನ ಒಬ್ಬ ಅಕ್ಕೋರು ಬರ್ತಾರ. ನನ್ನ ಮಾತಿನ ಮ್ಯಾಲ ಕಟ್ರಿ."

ಒಬ್ಬಳು ಕಟ್ಟಿದ್ದನ್ನು ನೋಡಿ ಉಳಿದವರೂ ಕಟ್ಟಿದರು.

ಮೊದಲ ವಾರ ತರಗತಿಗೆ ಬಂದ ದ್ರಾಕ್ಷಾಯಣಿ ಬಾಗಿಲಲ್ಲೇ ನಿಂತುಬಿಟ್ಟಳು. ಯಾವ ಮೂಲೆ ನೋಡಿದರೂ ಕೆಂಪು. ತನಗೆ ಗೊತ್ತಿದ್ದ ಮಂದಬುದ್ಧಿಗಳು, ಅಳುಬುರುಕರು ಮಾತ್ರವಲ್ಲ. ಎಲ್ಲ ಬಲ್ಲವರಂತೆ ತಲೆಯಾಡಿಸುತ್ತಿದ್ದ ಜಾಣ ಮಕ್ಕಳ ಕೊರಳಲ್ಲೂ ಕೆಂಪು. ಇಪ್ಪತ್ತೊಂದು ವರ್ಷ ತಾನು ಹಲಗೆಯ ಮುಂದೆ ನಿಂತು ಪಾಠ ಮಾಡುತ್ತಿದ್ದಾಗ ಇವರೆಲ್ಲ ಹೀಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದರೇ? ಮೊದಲು ಕಾಣುತ್ತಿರಲಿಲ್ಲ, ನಡೆಯುತ್ತಿತ್ತು. ಈಗ ಕಂಡ ಮೇಲೆ ಕುರ್ಚಿಯಲ್ಲಿ ಕೂಡುವುದು ಹೇಗೆ?

ಅವಳು ಓಡತೊಡಗಿದಳು. ಬೆಳಿಗ್ಗೆ ಒಂದು ತಾಸು ಮೊದಲೇ ಬಂದು ನಾಲ್ವರನ್ನು ಕೂಡಿಸಿಕೊಂಡಳು. ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಮಗುವಿನ ಪಾಟಿ. ಅವಳನ್ನು ನೋಡಿ ಜಬೀನಾ ಸಂಜೆ ಐದೂವರೆಯತನಕ ಉಳಿದಳು. ನಿವೃತ್ತಿಗೆ ಎರಡು ವರ್ಷವಿದ್ದ ಮುಖ್ಯಗುರು ರುದ್ರಮುನಿ ಮಾಸ್ತರರೂ ಕಚೇರಿಯ ಕಾಗದಗಳನ್ನು ಮನೆಗೆ ಒಯ್ದು, ಶಾಲೆಯ ಹೊತ್ತನ್ನೆಲ್ಲ ಮಕ್ಕಳ ಪಕ್ಕದಲ್ಲಿ ಕಳೆಯತೊಡಗಿದರು. ಬಿಸಿಯೂಟ ಮಾಡುವ ಪಾರವ್ವ ಸಹ, ಸಾರು ಕುದಿಯುವಷ್ಟು ಹೊತ್ತು ಸಕ್ಕುವನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬೇಳೆ ಆರಿಸುತ್ತ ಅದೂ ಇದೂ ಹೇಳುತ್ತಿದ್ದಳು. ಉತ್ತರ ಬಾರದಿದ್ದರೂ ಹೇಳುತ್ತಿದ್ದಳು.

ದ್ರಾಕ್ಷಾಯಣಿ ಮನೆ ಮುಟ್ಟುವಾಗ ಗಂಡ ಸಂಗಪ್ಪ ಅನ್ನಕ್ಕಿಟ್ಟಿರುತ್ತಿದ್ದ. ಮಗಳು ಅಕ್ಷತಾ ಎಂಟನೆಯ ತರಗತಿ, ಬೀಜಗಣಿತದ ಪುಸ್ತಕ ತೆರೆದುಕೊಂಡು ಕೂತಿರುತ್ತಿದ್ದಳು.

"ಅವ್ವಾ, ಇದೊಂದು ಲೆಕ್ಕ."

"ನಾಳೆ ನೋಡೂಣ ಬಾಳಾ. ನಿಂದರಾಕ ಶಕ್ತಿ ಇಲ್ಲ ನನಗ."

ಮರುದಿನವೂ ಅದೇ ಮಾತು. ಅದರ ಮರುದಿನವೂ. ಒಂದು ಸಂಜೆ ಅಕ್ಷತಾ ಪುಸ್ತಕ ಮುಚ್ಚಿ, ಸಿಟ್ಟಿಲ್ಲದೆಯೇ ಹೇಳಿದಳು: "ನನಗೂ ಒಂದು ಮಣಿ ತಂದ ಕಟ್ಟು. ಆವಾಗರ ನೋಡ್ತಿ."

ಸಂಗಪ್ಪ ಒಲೆಯ ಕಡೆ ಮುಖ ಮಾಡಿಕೊಂಡೇ, "ಅವ್ವಗ ಹಂಗನ್ನಬಾರದವಾ," ಎಂದ. ಆದರೆ ಮಗಳು ಹೇಳಿದ್ದು ಸುಳ್ಳು ಎನ್ನಲಿಲ್ಲ.

ಎರಡನೆಯ ವರ್ಷದ ಶ್ರಾವಣದಲ್ಲಿ ಸಕ್ಕು ಮಾತಾಡಿದಳು. ಅಡುಗೆ ಕೋಣೆಯಲ್ಲಿ, ಪಾರವ್ವನ ಸೆರಗು ಜಗ್ಗಿ, "ನೀರ," ಎಂದಳು. ಪಾರವ್ವ ಸೌಟನ್ನು ಅಲ್ಲೇ ಬಿಟ್ಟು ಓಡಿಬಂದು ದ್ರಾಕ್ಷಾಯಣಿಯ ಕೈ ಹಿಡಿದು ಅಳತೊಡಗಿದಳು. ಏನಾಯಿತೋ ಎಂದು ಅಂಜಿ ಮಕ್ಕಳೆಲ್ಲ ಹೊರಗೆ ಬಂದರು. ಆ ತಿಂಗಳು ಮಾಳಗುಡ್ಡದ ಶಾಲೆಯಲ್ಲಿ ಒಂದು ಮಗು ದಿನಕ್ಕೆ ಸರಾಸರಿ ಕಾದದ್ದು ಒಂದು ನಿಮಿಷಕ್ಕೂ ಕಡಿಮೆ.

ದಸರೆಯ ರಜೆ ಮುಗಿದ ಮೇಲೆ ಧಾರವಾಡದಿಂದ ಕರೆ ಬಂತು. ಸನ್ಮಾನವಿದೆ, ಮುಖ್ಯಗುರುಗಳ ಬದಲು ದ್ರಾಕ್ಷಾಯಣಿಯೇ ಬರಬೇಕು. ವಿಶೇಷ ಶಿಕ್ಷಕಿಯ ಆದೇಶವನ್ನು ಅಲ್ಲೇ ಕೈಗೆ ಕೊಡುತ್ತಾರೆ ಎಂದು ಅವಳು ನಂಬಿಕೊಂಡೇ ಬಸ್ಸು ಹತ್ತಿದಳು. ಪಾರವ್ವ ಉಂಡಿ ಕಟ್ಟಿಕೊಟ್ಟಿದ್ದಳು.

ಕೇಂದ್ರದ ನಿಯಂತ್ರಣ ಕೋಣೆಯ ಗೋಡೆಯ ತುಂಬ ನಕ್ಷೆ. ಮೂರು ಸಾವಿರದ ನಾನೂರು ಶಾಲೆಗಳು ಅದರಲ್ಲಿ ಚುಕ್ಕೆಗಳಾಗಿ ಮಿನುಗುತ್ತಿದ್ದವು. ಹೆಚ್ಚಿನವು ಕೆಂಪು, ಕೆಲವು ಕೇಸರಿ. ಕೆಳಗೆ ಎಡಕ್ಕೆ, ತಿಳಿ ನೀಲಿಯಾಗಿ ಒಂದೇ ಒಂದು.

"ಅದು ಮಾಳಗುಡ್ಡ," ಎಂದರು ಇಲಾಖೆಯ ಅಧಿಕಾರಿ. ಶಾಲು ಹೊದಿಸಿದರು, ಫೋಟೋ ತೆಗೆಸಿದರು. ನಂತರ ಕೋಣೆಯಲ್ಲಿದ್ದವರನ್ನು ಉದ್ದೇಶಿಸಿ ಮಾತಾಡಿದರು. "ಕಡಿಮೆ ಸಿಬ್ಬಂದಿಯಲ್ಲಿ ಕಾಯುವಿಕೆಯನ್ನು ಸೊನ್ನೆಗೆ ತರಬಹುದು ಎಂದು ಈ ಶಾಲೆ ತೋರಿಸಿಕೊಟ್ಟಿದೆ. ಸೊನ್ನೆಯೇ ಆಗಬೇಕೆಂದೇನೂ ಇಲ್ಲ. ಮಗುವೊಂದು ದಿನಕ್ಕೆ ಹನ್ನೊಂದು ನಿಮಿಷ ಕಾಯುವುದು ಸಹನೀಯ ಎಂದು ಸಮಿತಿ ಒಪ್ಪಿದೆ. ಆ ಮಿತಿಯೊಳಗೆ ಮಾಳಗುಡ್ಡಕ್ಕೆ ಒಬ್ಬ ಶಿಕ್ಷಕರು ಸಾಕು. ಅಡುಗೆಯವರೂ ನೆರವಾಗುತ್ತಾರೆ ಎಂದು ಶಾಲೆಯ ವರದಿಯಲ್ಲೇ ಇದೆ."

ದ್ರಾಕ್ಷಾಯಣಿಗೆ ತಾನು ತಪ್ಪು ಕೇಳಿಸಿಕೊಂಡೆ ಅನ್ನಿಸಿತು. "ಸರ್, ನಾವು ಒಬ್ಬ ವಿಶೇಷ ಶಿಕ್ಷಕಿ ಕೇಳಿದ್ವಿ. ಸಕ್ಕುಬಾಯಿ ಅಂತ ಒಂದು ಹುಡುಗಿ..."

"ನಿಮ್ಮಲ್ಲಿ ಕೊರತೆಯೇ ಇಲ್ಲವಲ್ಲ ಮೇಡಂ," ಎಂದರು ಅವರು, ನಿಜವಾದ ಮೆಚ್ಚುಗೆಯಿಂದ. "ಖಾಲಿ ಹುದ್ದೆ ರದ್ದಾಗುತ್ತದೆ. ಅತಿಥಿ ಶಿಕ್ಷಕಿಯ ಅಗತ್ಯ ಇರುವುದಿಲ್ಲ. ನೀವು ಹೆಚ್ಚುವರಿ ಅಂತ ಬರ್ತೀರಿ, ಕೆಂಪು ಶಾಲೆಯೊಂದಕ್ಕೆ ಹಾಕ್ತೀವಿ. ನವೆಂಬರ್ ಮೊದಲ ವಾರದ ಅಳತೆಯನ್ನು ಕಡೆಯದಾಗಿ ನೋಡಿ ಆದೇಶ ಹೊರಡಿಸ್ತೀವಿ."

ಮಂದಾಕಿನಿ ನಕ್ಷೆಯ ಪಕ್ಕದಲ್ಲೇ ನಿಂತಿದ್ದಳು. ಗೆಳತಿಯ ಕಡೆ ನೋಡಲಿಲ್ಲ.

ಮಂದಾಕಿನಿಯ ಖೋಲಿಯಲ್ಲಿ ಇಬ್ಬರೇ ಕೂತಾಗ ದ್ರಾಕ್ಷಾಯಣಿ ಕೇಳಿದಳು: "ನಿನಗ ಗೊತ್ತಿತ್ತೇನು?"

"ಹುದ್ದೆ ಹೆಚ್ಚಾಗಂಗಿಲ್ಲ ಅಂಬೋದು ಗೊತ್ತಿತ್ತು. ಇದ್ದವರನ್ನ ಹಂಚಾಕಂತನ ಮಣಿ ಮಾಡಿಸಿದ್ರು."

"ಯಾವಾಗಿಂದ ಗೊತ್ತಿತ್ತು?"

"ಮೊದಲಿಂದ."

"ಗೊತ್ತಿದ್ದೂ ಆ ತಾಯಂದಿರ ಮುಂದ ಕುಂತು ಟೀಚರು ಬರ್ತಾರ ಅಂದಿ?"

"ಬರಬಹುದು ಅಂದೆ."

"ಬರ್ತಾರ ಅಂದಿ, ಮಂದಾ."

ಮಂದಾಕಿನಿ ಚಹಾದ ಕಪ್ಪನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದಳು. "ಇಂಥದೊಂದು ಯಂತ್ರ ಐತಿ ಅಂದ್ರ ಯಾರೂ ನಂಬವಲ್ಲರಾಗಿದ್ರು. ಕೆಂಪ ತೋರಸೂದು ಸರಳ, ಕೆಂಪ ಹೋಗಿ ನೀಲಿ ಆಗೂದನ್ನ ತೋರಸಬೇಕಿತ್ತು. ಒಂದು ಸಾಲ್ಯಾಗರ. ಹಂಗ ಮಾಡೋರು ಯಾರದಾರ ಅಂತ ಯೋಚನಿ ಮಾಡಿದೆ. ಹಾಸ್ಟೆಲಿನ್ಯಾಗ ನನಗ ಟೈಫಾಯ್ಡ್ ಬಂದಾಗ ನೀ ಪರೀಕ್ಷಾ ಬಿಟ್ಟು ಹದಿನೆಂಟು ದಿನ ನನ್ನ ಬಾಜೂಕ ಕುಂತಿದ್ದಿ. ಕೆಂಪ ಕಂಡ್ರ ನೀ ಸುಮ್ಮನ ಕುಂದ್ರಾಕಿ ಅಲ್ಲ ಅಂತ ನನಗ ಗೊತ್ತಿತ್ತು, ದ್ರಾಕ್ಷಿ."

ಹಾಸ್ಟೆಲು ಬಿಟ್ಟ ಮೇಲೆ ಆ ಹೆಸರಿನಿಂದ ಯಾರೂ ಅವಳನ್ನು ಕರೆದಿರಲಿಲ್ಲ. ಅಧಿಕಾರಿಯ ಮಾತಿಗೆ ಸಿಟ್ಟು ಬಂದಿತ್ತು ಅಷ್ಟೇ. ಅವರು ತನ್ನನ್ನು ಬಲ್ಲವರಲ್ಲ. ಇವಳು ಬಲ್ಲವಳು. ತನ್ನಲ್ಲಿ ಚಲೋದು ಅನ್ನುವುದು ಏನಿತ್ತೋ ಅದನ್ನೇ ಗುರುತು ಹಿಡಿದು, ಅದನ್ನೇ ಬಿತ್ತಿ ಬೆಳೆ ತೆಗೆದಿದ್ದಳು.

ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಎದ್ದು ಬಂದಳು.

ಮರುದಿನ ಶಾಲೆಯಲ್ಲಿ ಮೂವರೂ ಬಾಗಿಲು ಹಾಕಿಕೊಂಡು ಕೂತರು. ಜಬೀನಾಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

"ಕಡೀ ಅಳತಿ ಇನ್ನೂ ಆಗಿಲ್ಲಲ್ಲ ಮೇಡಂ," ಎಂದಳು ಜಬೀನಾ. "ಆ ಒಂದು ವಾರ ನಾವು ನೇಮದ ಪ್ರಕಾರ ಇರೂಣು. ಗಂಟಿ ಹೊಡದ್ರ ಬರೂದು, ಗಂಟಿ ಹೊಡದ್ರ ಹೋಗೂದು. ಪುಸ್ತಕದಾಗ ಇದ್ದಷ್ಟ ಪಾಠ. ಖರೇ ಎಷ್ಟು ಬೇಕು ಅಂಬೋದು ಆ ಮಣಿಗೇ ತಿಳೀಲಿ."

ರುದ್ರಮುನಿ ಮಾಸ್ತರರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. "ಸುಳ್ಳೇನೂ ಅಲ್ಲಲ್ಲ ಅದು. ಇಷ್ಟು ದಿವಸ ನಾವು ತೋರಿಸಿದ್ದೇ ಸುಳ್ಳು."

ದ್ರಾಕ್ಷಾಯಣಿ ಹೂಂ ಎಂದಳು. ಬೇರೆ ದಾರಿ ಅವಳಿಗೂ ಹೊಳೆಯಲಿಲ್ಲ.

ನವೆಂಬರಿನ ಮೊದಲ ಸೋಮವಾರ ಅವಳು ಗಂಟೆಗೆ ಸರಿಯಾಗಿ ಬಂದು, ಪಾಠ ಮುಗಿಸಿ, ಕುರ್ಚಿಯಲ್ಲಿ ಕೂತಳು. ಕೂತ ಮೇಲೆ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಎರಡನೆಯ ಸಾಲಿನಲ್ಲಿ ಒಂದು ಮಣಿ ಕೆಂಪಾಯಿತು. ಆಮೇಲೆ ಕಿಟಕಿಯ ಹತ್ತಿರ ಒಂದು. ಸಕ್ಕುವಿನದು ಮೂರನೆಯದು. ಹುಡುಗಿ ಪುಸ್ತಕದಿಂದ ತಲೆಯೆತ್ತಿ, ಇನ್ನೇನು ಅಕ್ಕೋರು ಬಂದೇ ಬರುತ್ತಾರೆ ಎಂಬಂತೆ ನಿರಾಳವಾಗಿ ಅವಳನ್ನೇ ನೋಡಿದಳು. ದ್ರಾಕ್ಷಾಯಣಿ ಹಾಜರಿ ಪುಸ್ತಕ ತೆರೆದು ಹೆಸರುಗಳನ್ನು ಓದಿಕೊಳ್ಳತೊಡಗಿದಳು.

ಮನೆಗೆ ನಾಲ್ಕೂವರೆಗೇ ಬಂದಾಗ ಅಕ್ಷತಾ ಗಾಬರಿಯಾದಳು. "ಯಾಕವಾ, ಆರಾಮಿಲ್ಲೇನು?"

"ಆರಾಮದೀನಿ. ತಾ, ಲೆಕ್ಕದ ಪುಸ್ತಕ ತಾ. ಹೇಳಿಕೊಡ್ತೀನಿ."

"ಬ್ಯಾಡ ಬಿಡವಾ." ಹುಡುಗಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. "ನಾ ಒಬ್ಬಾಕಿನ ಮಾಡೂದು ಕಲತೀನಿ."

ಮಂಗಳವಾರ ಸಂಜೆ ಜಬೀನಾ ಕಚೇರಿಯ ಪರದೆಯ ಮುಂದೆ ಕೂತು ಅಂಕಿಗಳನ್ನು ತೆರೆದಳು. ಎರಡು ಸಲ ನೋಡಿದಳು. ಕಾಯುವಿಕೆ ಏರಿರಲಿಲ್ಲ. ಎರಡು ನಿಮಿಷ, ಅಷ್ಟೇ.

"ಹೆಂಗ ಸಾಧ್ಯ? ನಾವ್ಯಾರೂ ಎದ್ದಿಲ್ಲಲ್ಲ!"

ಹೇಗೆ ಎಂದು ಬುಧವಾರ ಗೊತ್ತಾಯಿತು. ಒಂದರಿಂದ ಐದರತನಕದ ಮಕ್ಕಳನ್ನು ಎರಡೇ ಕೋಣೆಗಳಲ್ಲಿ ಕೂಡಿಸುವ ಶಾಲೆ ಅದು. ದೊಡ್ಡವರು ಚಿಕ್ಕವರು ಒಂದೇ ಕಡೆ. ಅಕ್ಕೋರು ಏಳುತ್ತಿಲ್ಲ ಎಂದು ಕಂಡಕೂಡಲೇ ದೊಡ್ಡ ಮಕ್ಕಳು ತಾವೇ ಏಳತೊಡಗಿದ್ದರು. ಎರಡು ವರ್ಷ ನೋಡಿ ನೋಡಿ ಕಲಿತಿದ್ದರು. ಹೇಗೆ ಪಕ್ಕದಲ್ಲಿ ಕೂಡಬೇಕು, ಹೇಗೆ ಅವಸರ ಮಾಡಬಾರದು, ಮೊದಲು ಬೇರೆ ಏನಾದರೂ ಮಾತಾಡಿ ಉಸಿರು ಸಡಿಲವಾದ ಮೇಲೆ ಪುಸ್ತಕಕ್ಕೆ ಬರಬೇಕು ಎಂಬುದೆಲ್ಲ ಅವರಿಗೆ ಬರುತ್ತಿತ್ತು. ಮಣಿಗೆ ದೊಡ್ಡವರು ಚಿಕ್ಕವರು ಎಂಬ ಭೇದವಿರಲಿಲ್ಲ. ಮನುಷ್ಯರೊಬ್ಬರು ಬಂದರು, ಉಸಿರು ಸಡಿಲವಾಯಿತು, ನೀಲಿ.

ಹೀಗೇ ಆದರೆ ಧಾರವಾಡದಲ್ಲಿ ಏನು ಓದಿಕೊಳ್ಳುತ್ತಾರೆ ಎಂದು ದ್ರಾಕ್ಷಾಯಣಿಗೆ ಕ್ಷಣದಲ್ಲಿ ಹೊಳೆಯಿತು. ಶಿಕ್ಷಕರು ಕೈಕಟ್ಟಿ ಕೂತರೂ ನಡೆಯುತ್ತದೆ, ಒಬ್ಬರೂ ಬೇಡ.

ಆಗಲೇ ಸಕ್ಕುವಿನ ಮಣಿ ಕೆಂಪಾಯಿತು. ಐದನೆಯ ತರಗತಿಯ ಭಾಗ್ಯಶ್ರೀ ತನ್ನ ಪಾಟಿ ಕೆಳಗಿಟ್ಟು ಎದ್ದಳು.

"ಭಾಗ್ಯಶ್ರೀ! ಕುಂದ್ರು!"

ಹುಡುಗಿ ನಿಂತಲ್ಲೇ ತಿರುಗಿದಳು. "ಸಕ್ಕುಗ ತಿಳೀವಲ್ತರಿ ಅಕ್ಕೋರ."

"ಕುಂದ್ರು ಅಂದೆ! ಯಾರೂ ಏಳಬ್ಯಾಡ್ರಿ. ಯಾರೂ ಯಾರ ಬಾಜೂಕೂ ಹೋಗಬ್ಯಾಡ್ರಿ!"

ಇಷ್ಟು ವರ್ಷಗಳಲ್ಲಿ ಅವಳು ಮಕ್ಕಳ ಮೇಲೆ ಹಾಗೆ ಕಿರುಚಿದ್ದಿಲ್ಲ. ಭಾಗ್ಯಶ್ರೀ ಕೂತಳು. ಕೋಣೆಯ ತುಂಬ ಒಂದೊಂದಾಗಿ ಮಣಿಗಳು ಕೆಂಪಾದವು, ಭಾಗ್ಯಶ್ರೀಯದೂ. ಪಾಠ ತಿಳಿಯದ್ದಕ್ಕಲ್ಲ, ಅಂಜಿಕೆಗೆ. ಜಬೀನಾ ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳಿಗೆ ಬೇಕಾಗಿದ್ದ ಬಣ್ಣ ಅದೇ. ಅವಳ ಕಣ್ಣು, ಇನ್ನೊಂದು ಸ್ವಲ್ಪ ತಡೀರಿ ಮೇಡಂ, ಎಂದು ಬೇಡುತ್ತಿತ್ತು.

ದ್ರಾಕ್ಷಾಯಣಿ ತಡೆಯಲು ನೋಡಿದಳು. ನಿಜವಾಗಿಯೂ ನೋಡಿದಳು. ಗೋಡೆಯ ಗಡಿಯಾರದಲ್ಲಿ ಏಳು ನಿಮಿಷ ಸರಿಯಿತು. ಸಕ್ಕು ಅವಳ ಕಡೆ ನೋಡುವುದನ್ನು ಬಿಟ್ಟು, ತುಟಿಗಳನ್ನು ಒಳಕ್ಕೆ ಮಡಚಿಕೊಂಡು ಕಚ್ಚಿ ಹಿಡಿದಳು. ಶಾಲೆಗೆ ಬಂದ ಮೊದಲ ದಿನ ಅವಳು ಕೂತಿದ್ದದ್ದು ಹೀಗೆಯೇ.

ಒಬ್ಬರ ನೆರವಿಗೆ ಇನ್ನೊಬ್ಬರು ಹೋಗಬೇಡಿ ಎಂದು ಮಕ್ಕಳಿಗೆ ಕಲಿಸಿ ಉಳಿಸಿಕೊಳ್ಳುವ ನೌಕರಿ ಯಾವ ನೌಕರಿ? ಅವಳು ಎದ್ದಳು. ಸಕ್ಕುವಿನ ಪಕ್ಕದಲ್ಲಿ ಪರಸಿ ಕಲ್ಲಿನ ಮೇಲೆ ಕೂತು, ಅವಳ ಕೊರಳಿನ ದಾರ ಬಿಚ್ಚಿ ಮಣಿಯನ್ನು ತೆಗೆದಳು. ಆಮೇಲೆ ಭಾಗ್ಯಶ್ರೀಯದು. ಎರಡೂ ಕೋಣೆ ತಿರುಗಿ ಎಲ್ಲರವನ್ನೂ ತೆಗೆದು ಅಡುಗೆ ಕೋಣೆಯ ಖಾಲಿ ಡಬ್ಬಿಯೊಂದಕ್ಕೆ ಹಾಕಿದಳು. ತುಂಬ ಹೊತ್ತು ಹಿಡಿಯಿತು. ಜಬೀನಾ ಸಹಾಯಕ್ಕೆ ಬರಲಿಲ್ಲ. ಬಾಗಿಲಿಗೆ ಒರಗಿ, ಕೆಳಗೆ ನೋಡುತ್ತ ನಿಂತಳು.

"ಮಣಿ ತೆಗೆದದ್ದು ಯಾಕೆ?" ಎಂದು ನೋಟಿಸು ಬಂತು. ಮಕ್ಕಳಿಗೆ ಎಷ್ಟು ಜನ ಬೇಕು ಎಂದು ತಿಳಿಯಲು ಮಕ್ಕಳನ್ನು ನೋಡಿದರೆ ಸಾಕು, ಒಂದು ದಿನ ಬಂದು ನೋಡಿರಿ, ಎಂದು ದ್ರಾಕ್ಷಾಯಣಿ ಬರೆದಳು. ಯಾರೂ ಬರಲಿಲ್ಲ. ವಾರದ ಅಳತೆ ಅಪೂರ್ಣವಾದ್ದರಿಂದ ಹಿಂದಿನ ತಿಂಗಳ ಅಂಕಿಗಳನ್ನೇ ಹಿಡಿಯಲಾಗಿದೆ ಎಂದು ಆದೇಶದಲ್ಲಿತ್ತು. ಕೆಳಗೆ ತಾಂತ್ರಿಕ ಒಪ್ಪಿಗೆ ಎಂಬಲ್ಲಿ ಮಂದಾಕಿನಿಯ ದುಂಡನೆಯ ಸಹಿ.

ಜಬೀನಾ ತಿಂಗಳ ಕೊನೆಗೆ ಹೋದಳು. ಮಕ್ಕಳಿಗೆಲ್ಲ ಪೆಪ್ಪರಮೆಂಟು ಹಂಚಿದಳು, ರುದ್ರಮುನಿ ಮಾಸ್ತರರ ಕಾಲು ಮುಟ್ಟಿದಳು. ದ್ರಾಕ್ಷಾಯಣಿಯ ಮುಂದೆ ಬಂದು ಒಂದು ಗಳಿಗೆ ನಿಂತು, "ಏಳು ನಿಮಿಷ ಕುಂತಿದ್ರಿ ಮೇಡಂ. ಇನ್ನೊಂದು ನಾಕ ನಿಮಿಷ..." ಎಂದಳು. ಸೈಕಲ್ ಹತ್ತಿ ಹೋದಳು.

ಹೊಸ ಶಾಲೆ ಅರವತ್ತು ಕಿಲೋಮೀಟರು ದೂರ. ಹೊರಡುವ ಹಿಂದಿನ ದಿನ ದ್ರಾಕ್ಷಾಯಣಿ ತಾಂಡಾಕ್ಕೆ ನಡೆದು ಹೋದಳು. ಸೋನಾಬಾಯಿ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದಳು. ಹುಬ್ಬು ರೆಪ್ಪೆಗಳ ಮೇಲೆಲ್ಲ ಕಲ್ಲಿನ ಪುಡಿ. ಒಳಗೆ ಸಕ್ಕುವಿನ ದನಿ ಕೇಳುತ್ತಿತ್ತು. ತಮ್ಮನಿಗೆ ಏನೋ ಜೋರು ಮಾಡಿ ಹೇಳುತ್ತಿದ್ದಳು.

ದ್ರಾಕ್ಷಾಯಣಿ ಕೂಡದೆ ನಿಂತೇ ಹೇಳಿದಳು: "ನನ್ನ ಮಾತಿನ ಮ್ಯಾಲ ಕಟ್ಟಿದ್ರಿ. ಆ ಮಾತು ಸುಳ್ಳಾತು. ನನಗೂ ಗೊತ್ತಿದ್ದಿಲ್ಲ, ಖರೇ. ಆದ್ರೂ ಹೇಳಿದಾಕಿ ನಾನ. ತಪ್ಪಾತ್ರಿ."

ಸೋನಾಬಾಯಿ ಕೊಡದಿಂದ ನೀರು ಬಗ್ಗಿಸಿಕೊಂಡು ಮುಖ ತೊಳೆದಳು. ಸೆರಗಿನಿಂದ ಒರೆಸಿಕೊಂಡಳು.

"ನೀವು ಮಾಫಿ ಕೇಳಾಕ ಬಂದೀರಿ ಅಂದ್ರ," ಎಂದಳು, "ಹೊಂಟೀರಿ ಅಂತಾತು."

ದ್ರಾಕ್ಷಾಯಣಿ ಹೌದೆಂದು ತಲೆಯಾಡಿಸಿದಳು.

"ಮಾಫಿ ತೊಗೊಂಡು ನಾ ಏನ ಮಾಡ್ಲಿ ಅಕ್ಕೋರ? ನಾಳೆ ಆಕಿ ಬಾಜೂಕ ಕುಂದ್ರಾಕ ಬರತೈತೇನ್ರಿ ಅದು?"

ಒಳಗಿನ ದನಿ ನಿಂತಿತು. ಸಕ್ಕು ಬಾಗಿಲಿಗೆ ಬಂದಳು. ಹೊರಗೆ ನಿಂತವರು ಯಾರೆಂದು ನೋಡಿದಳು, ಗುರುತು ಹಿಡಿದಳು. ಇದು ಶಾಲೆಯಲ್ಲ, ಅವಳದೇ ಮನೆ, ಈಗಷ್ಟೇ ಊರಿಗೆಲ್ಲ ಕೇಳುವಂತೆ ಮಾತಾಡಿದವಳು. ಆದರೂ ದ್ರಾಕ್ಷಾಯಣಿ "ಸಕ್ಕು," ಎಂದು ಕೈ ಚಾಚಿದಾಗ ಹುಡುಗಿ ತುಟಿಗಳನ್ನು ಒಳಕ್ಕೆ ಮಡಚಿ ಕಚ್ಚಿ ಹಿಡಿದಳು.